ಹದಿನೈದು ಲೋಟದ ಲೆಕ್ಕ

ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರ ಭಾನುವಾರದ ನಿದ್ದೆ ಕೆಟ್ಟದ್ದು ಹೆಂಡತಿಯ ಒಂದೇ ಒಂದು ಪ್ರಶ್ನೆಯಿಂದ.

"ರೀ, ಸಂಜೆ ಟೀವೀಲಿ ಸಿನಿಮಾ ನೋಡೋಕೆ ಹದಿನೈದು ಜನ ಬರ್ತಾರೆ. ತಲೆಗೊಂದು ಲೋಟ ಪಾಪ್‌ಕಾರ್ನ್. ಎಷ್ಟು ಗ್ರಾಂ ಕಾಳು ಹುರೀಬೇಕು?"

"ಪ್ಯಾಕೆಟ್ ಮೇಲೆ ಬರೆದಿರುತ್ತೆ, ನೋಡೇ."

ಆಕೆ ಕಾಳನ್ನು ಡಬ್ಬಕ್ಕೆ ಸುರಿದು ಖಾಲಿಯಾಗಿದ್ದ ಪ್ಯಾಕೆಟ್ ತೋರಿಸಿದಳು. ಹಿಂಬದಿಯಲ್ಲಿ ಚೌಕಾಕಾರದ ತೂತಿತ್ತು. "ಬಹುಮಾನದ ಕೂಪನ್ ಅಂತ ಕತ್ತರಿಸ್ಕೊಂಡೆ. ನಿಮ್ಗೆ ಗೊತ್ತಿಲ್ದಿದ್ರೆ ಬಿಡಿ, ಪಕ್ಕದ ಮನೆ ಮೇಷ್ಟ್ರನ್ನ ಕೇಳ್ತೀನಿ."

ಊರಿನ ತಕ್ಕಡಿಗಳನ್ನೆಲ್ಲ ನಡುಗಿಸುವ ಮನುಷ್ಯನಿಗೆ ಇದಕ್ಕಿಂತ ಅವಮಾನ ಬೇಕೆ? ಸಾಹೇಬರು ಹಾಸಿಗೆಯಿಂದ ನೆಗೆದರು.

"ಸರಿಯಾಗಿ ಹೇಳಿದ್ರೆ ಏನು ಕೊಡ್ತೀಯ?"

"ಇನ್ಯಾವ ಭಾನುವಾರಾನೂ ನಿಮ್ಮನ್ನ ಎಬ್ಬಿಸೋಲ್ಲ. ತಪ್ಪಿದ್ರೆ ಭಾನುವಾರದ ಅಡುಗೆ ನಿಮ್ದು."

ಭಾನುವಾರದ ನಿದ್ದೆಯೆಂದರೆ ಸಾಹೇಬರಿಗೆ ಪ್ರಾಣ. ವಾರದ ಆರು ದಿನ ಅವರು ಬದುಕುತ್ತಿದ್ದುದೇ ಅದಕ್ಕಾಗಿ.

"ಲೋಟಕ್ಕೆ ಇನ್ನೂರು ಎಂ.ಎಲ್. ಹದಿನೈದು ಲೋಟಕ್ಕೆ ಮೂರು ಲೀಟರ್. ಲೀಟರಿಗೆ ಒಂದು ಕೆ.ಜಿ. ಒಟ್ಟು ಮೂರು ಕೆ.ಜಿ!"

"ಅದು ನೀರಿನ ಲೆಕ್ಕ ಸ್ವಾಮಿ," ಎಂದು ಮೇಷ್ಟ್ರು ತಮ್ಮ ಕಿಟಕಿಯಿಂದಲೇ ತಲೆ ಹಾಕಿದರು. "ಇದು ಅರಳುತ್ತೆ. ಒಂದಕ್ಕೆ ಮೂರಾಗುತ್ತೆ. ಐದು ಲೋಟ ಕಾಳು ಹಾಕಿ, ಸಾಕು."

ಹಾಕಿದರು. ಮೂರು ನಿಮಿಷಕ್ಕೆ ಮುಚ್ಚಳ ಎದ್ದಿತು, ಐದನೆಯದಕ್ಕೆ ಹಾರಿಹೋಯಿತು. ನೆಲ, ಕಪಾಟು, ಸಾಹೇಬರ ತಲೆ, ಎಲ್ಲೆಲ್ಲೂ ಪಾಪ್‌ಕಾರ್ನ್. ಗಾಬರಿಯಲ್ಲಿ ಒಲೆ ಆರಿಸಲು ಮರೆತಿದ್ದರಿಂದ ಪಾತ್ರೆಯಲ್ಲಿ ಉಳಿದದ್ದೆಲ್ಲ ಸೀದು ಕರಿಯಾಯಿತು. ಮೇಷ್ಟ್ರು ಮೆಲ್ಲನೆ ಕಿಟಕಿ ಮುಚ್ಚಿಕೊಂಡರು.

ಸಾಹೇಬರು ಬೀರುವಿನಿಂದ ತಮ್ಮ ಇಲಾಖೆಯ ತಕ್ಕಡಿ ತಂದು, ಹತ್ತೇ ಗ್ರಾಂ ತೂಗಿ ಹುರಿದರು. ಅಳೆದರೆ ಒಂದು ಲೋಟ. ಹಾಗಾದರೆ ನೂರೈವತ್ತು ಗ್ರಾಂ! ಹೇಳಲು ಬಾಯಿ ತೆರೆದವರು ಸದ್ದು ಕೇಳಿ ಬಂದು ಪಕ್ಕದಲ್ಲಿ ನಿಂತಿದ್ದ ಭಾಮೈದನತ್ತ, ಹೆಂಡತಿಯ ತಮ್ಮನತ್ತ, ನೋಡಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಅಗಿಯುವುದನ್ನು ಥಟ್ಟನೆ ನಿಲ್ಲಿಸಿದ.

"ಉಪ್ಪು ಸರಿ ಇದೆಯಾ ಅಂತ ನೋಡ್ದೆ, ಭಾವ."

"ಎಷ್ಟು ನೋಡ್ದೆ?"

"ಅರ್ಧ ಲೋಟ."

ಅಂದರೆ ಹತ್ತು ಗ್ರಾಮಿಗೆ ಒಂದೂವರೆ ಲೋಟ! ಸಾಹೇಬರು ಡಬ್ಬದ ತಳದಿಂದ ಸರಿಯಾಗಿ ನೂರು ಗ್ರಾಂ ತೂಗಿ, ಭಾಮೈದನನ್ನು ಹೊರಗಟ್ಟಿ, ಬಾಗಿಲು ಹಾಕಿಕೊಂಡು ಹುರಿದರು. ಹದಿನೈದನೆಯ ಲೋಟ ಅಂಚಿನವರೆಗೆ ತುಂಬಿತು, ಪಾತ್ರೆ ಖಾಲಿಯಾಯಿತು.

"ನೂರು ಗ್ರಾಂ!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

"ಸೋತೆ ಕಣ್ರೀ. ಇನ್ನು ಎಬ್ಬಿಸೋಲ್ಲ," ಎಂದಳು ಹೆಂಡತಿ.

ಸಾಹೇಬರಿಗೆ ಹೇಳಲಾರದಷ್ಟು ಖುಷಿಯಾಯಿತು. ಮಲಗುವ ಮುನ್ನ ಒಂದು ಚಿಟಿಕೆ ಉಪ್ಪು ಉದುರಿಸೋಣವೆಂದು ಉಪ್ಪಿನ ಜಾಡಿ ಎತ್ತಿದರು. ಅದರಡಿ ಪ್ಯಾಕೆಟಿನಿಂದ ಕತ್ತರಿಸಿದ ಚೌಕದ ತುಂಡಿತ್ತು. ಅದರ ಮೇಲೆ ಅಚ್ಚಾಗಿತ್ತು: ನೂರು ಗ್ರಾಂ ಕಾಳಿಗೆ ಹದಿನೈದು ಲೋಟ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಹುರಿಯೋಕೆ ಒಬ್ರು ಬೇಕಿತ್ತಲ್ಲ."

ಸಾಹೇಬರು ಹೋಗಿ ಮುಸುಕೆಳೆದುಕೊಂಡರು. ಇನ್ನು ಆಕಾಶ ಕಳಚಿ ಬಿದ್ದರೂ ಏಳುವುದಿಲ್ಲ ಎಂದುಕೊಂಡರು.

ಅಡುಗೆಮನೆಯಲ್ಲಿ ಹೆಂಡತಿ ಮೂಲೆಯ ಚೀಲವನ್ನು ಎಳೆದಳು. "ಮೇಷ್ಟ್ರೇ, ಈ ಐದು ಕೆ.ಜಿ. ಹಸಿ ಬಟಾಣಿ ಸುಲಿದ್ರೆ ಎಷ್ಟು ಲೋಟ ಕಾಳಾಗ್ಬಹುದು?"

ಕಿಟಕಿ ಮತ್ತೆ ತೆರೆಯಿತು. "ಮೂವತ್ತು ಲೋಟ. ಅನುಮಾನವೇ ಇಲ್ಲಮ್ಮ."

"ಹದಿನಾರು!" ಎಂಬ ಕೂಗು ಒಳಗಿನಿಂದ ಬಂತು.

ಆಕೆ ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಯಾರನ್ನೂ ಎಬ್ಬಿಸಿರಲಿಲ್ಲ. ಸಾಹೇಬರು ತಾವಾಗಿಯೇ ಎದ್ದು ಬಂದಿದ್ದರು, ಕೈಯಲ್ಲಿ ತಕ್ಕಡಿ ಹಿಡಿದುಕೊಂಡು.