ಉತ್ತಮ ಪುರುಷನ ಮೂರು ಸಾವು

ಮೃತ ನೌಕರರು ಕಚೇರಿ ವೇಳೆಯಲ್ಲಿ ತಪ್ಪದೆ ಹಾಜರಿರತಕ್ಕದ್ದು ಎಂಬ ನಿಯಮ ದೃಶ್ಯ ಪರಿಶೀಲನಾ ಮಂಡಳಿಯಲ್ಲಿ ಮೊದಲಿನಿಂದ ಇದ್ದದ್ದಲ್ಲ. ಅಗತ್ಯ ಬಿದ್ದ ಮೇಲೆ ಬಂದದ್ದು. ಒಳ್ಳೆಯ ನಿಯಮಗಳೆಲ್ಲ ಹಾಗೆಯೇ; ಮೊದಲು ಗಿರಾಕಿ ಬಂದು ಕೇಳುತ್ತಾನೆ, ಆಮೇಲೆ ಅಂಗಡಿಯವನು ಸರಕು ತರಿಸುತ್ತಾನೆ.

ಪರದೆಯ ಮೇಲೆ ಏನು ಮೂಡಿದರೂ ಜನ ನೋಡುವ ಮೊದಲು ಮಂಡಳಿ ನೋಡಬೇಕು, ನೋಡಿ ಪ್ರಮಾಣಪತ್ರ ಕೊಡಬೇಕು. ಆ ವರ್ಷ ಭಾರಿ ಓಡಿದ ‘ಕಬ್ಬಿಣದ ಅಳಿಯ’ ಎಂಬ ಹೊಡೆದಾಟದ ಸಿನಿಮಾವನ್ನೂ ಮಂಡಳಿಯೇ ನೋಡಿ ಬಿಟ್ಟಿತ್ತು. ಅದರಲ್ಲಿ ಖದೀಮರು ಮಾವನನ್ನು ಹೊತ್ತೊಯ್ದು ಗೋದಾಮಿನಲ್ಲಿ ಕೂಡಿಹಾಕುತ್ತಾರೆ. ಅಳಿಯ ಒಬ್ಬನೇ ಬಂದೂಕು ಹಿಡಿದು ಹೋಗಿ ಬಿಡಿಸಿ ತರುತ್ತಾನೆ. ಮಾವನಿಗಾಗಿ ಅಳಿಯ ಇಷ್ಟೆಲ್ಲ ಮಾಡುವುದು ಉಂಟೇ ಎಂದು ಸದಸ್ಯರೊಬ್ಬರು ಆಕ್ಷೇಪಿಸಿದ್ದರಿಂದ, ‘ಇದು ಸಂಪೂರ್ಣ ಕಾಲ್ಪನಿಕ’ ಎಂಬ ಫಲಕ ಹಾಕಿಸಿ ಪ್ರಮಾಣಪತ್ರ ಕೊಟ್ಟಿದ್ದರು.

ಸಿನಿಮಾ ಇನ್ನೂ ಓಡುತ್ತಿರುವಾಗಲೇ ಅದೇ ಕಥೆಯ ವಿಡಿಯೋ ಗೇಮ್ ಮಂಡಳಿಯ ಬಾಗಿಲಿಗೆ ಬಂತು. ತಂದವನು ಒಬ್ಬ ವಿತರಕ. ಸಿನಿಮಾ ಇಳಿಯುವ ಮೊದಲು ಗೇಮ್ ಹತ್ತಬೇಕು, ಇಳಿದ ಮೇಲೆ ಅದನ್ನು ಕೇಳುವ ನರಪಿಳ್ಳೆಯೂ ಇರುವುದಿಲ್ಲ ಎಂಬ ವ್ಯಾಪಾರದ ಸತ್ಯ ಅವನ ಮುಖದ ಮೇಲೇ ಬರೆದಿತ್ತು.

ಗೇಮಿನ ಬಗೆ ಯಾವುದು ಎಂದು ಪೆಟ್ಟಿಗೆಯ ಮೇಲೆ ಪರಭಾಷೆಯಲ್ಲಿ ಅಚ್ಚಾಗಿತ್ತು. ಆಡುವವನು ತಾನೇ ‘ನಾನು’ ಆಗಿ, ತನ್ನ ಕಣ್ಣಿಂದಲೇ ನೋಡುತ್ತ ಗುಂಡು ಹಾರಿಸುವ ಆಟ. ಭಾಷಾಂತರ ಶಾಖೆಯ ಪಂಡಿತರು ಹಳೆಯ ವ್ಯಾಕರಣ ಅರೆದು ಕುಡಿದವರು. ‘ನಾನು’ ಎಂದರೆ ಉತ್ತಮ ಪುರುಷ, ‘ನೀನು’ ಎಂದರೆ ಮಧ್ಯಮ ಪುರುಷ, ‘ಅವನು’ ಎಂದರೆ ಪ್ರಥಮ ಪುರುಷ. ಆದ್ದರಿಂದ ಕಡತದ ಮೇಲೆ ‘ಉತ್ತಮ ಪುರುಷ ಗುಂಡಿನಾಟ’ ಎಂದು ಬರೆದು ಮೇಲಕ್ಕೆ ಕಳಿಸಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪನ್ನಾದರೆ ಯಾರಾದರೂ ತಿದ್ದಬಹುದಿತ್ತು.

ನಿರ್ದೇಶಕರು ಕಡತ ಓದಿ ಕನ್ನಡಕ ತೆಗೆದರು.

“ಉತ್ತಮ ಪುರುಷರೇ ಆಡಬೇಕಾದ ಆಟ ಇದು. ನಮ್ಮಲ್ಲಿ ಯಾರಿದ್ದಾರೆ?”

ಸಿಬ್ಬಂದಿ ಶಾಖೆಯ ಮೇಡಂ ಹಾಜರಿ ಪುಸ್ತಕವನ್ನು ಮೊದಲಿನಿಂದ ತಿರುವಿಹಾಕಿದರು. ಕೊನೆಗೆ, “ಒಬ್ಬರಿದ್ದಾರೆ ಸರ್. ಮೂಲೆಯಲ್ಲಿ ಕೂರ್ತಾರಲ್ಲ, ಅವರು,” ಎಂದರು.

ಮೂಲೆಯಲ್ಲಿ ಕೂರುತ್ತಿದ್ದ ಪರಿಶೀಲಕರಿಗೆ ಕಚೇರಿಯಲ್ಲಿ ‘ನಿಷ್ಕಳಂಕ’ ಎಂದೇ ಹೆಸರು. ಇಡೀ ಸೇವಾವಧಿಯಲ್ಲಿ ಅವರ ಮೇಲೆ ಒಂದು ದೂರಿಲ್ಲ, ಒಂದು ಟಿಪ್ಪಣಿಯಿಲ್ಲ. ಬಂದ ಕಡತಗಳ ಮೇಲೆಲ್ಲ ‘ಮಂಡಿಸಿದೆ’ ಎಂದಷ್ಟೇ ಬರೆದು ಮುಂದಕ್ಕೆ ತಳ್ಳಿದವರು ಅವರು. ಮುಟ್ಟದ ಪಾತ್ರೆಗೆ ಮಸಿ ಎಲ್ಲಿಂದ ಬರಬೇಕು? ಅವರಿಗೆ ಇದ್ದದ್ದು ಒಂದೇ ಆಸೆ. ಅವರ ಮರದ ಕುರ್ಚಿಯ ನಾಲ್ಕನೇ ಕಾಲು ಮುರಿದು, ಹಳೆಯ ಸುತ್ತೋಲೆಗಳ ಕಟ್ಟಿನ ಮೇಲೆ ನಿಂತಿತ್ತು. ಹಿರಿಯ ಪರಿಶೀಲಕರಾದವರಿಗೆ ಮೆತ್ತೆಯಿರುವ ತಿರುಗುವ ಕುರ್ಚಿ ಕೊಡುತ್ತಾರೆ. ಆ ಕುರ್ಚಿ ಸದ್ಯ ಖಾಲಿಯಿತ್ತು.

“ಇದೊಂದು ವರದಿ ಚೆನ್ನಾಗಿ ಬರೆಯಿರಿ,” ಎಂದರು ನಿರ್ದೇಶಕರು, “ಕುರ್ಚಿ ವಿಷಯ ನೋಡೋಣ.”

ವೀಕ್ಷಣಾ ಕೊಠಡಿಯಲ್ಲಿ ವಿತರಕ ಯಂತ್ರ ಜೋಡಿಸಿ, ಗುಂಡಿಗಳಿರುವ ಕಂಟ್ರೋಲರನ್ನು ಅವರ ಕೈಗೆ ಕೊಟ್ಟ. ಪರದೆಯಲ್ಲಿ ಒಂದು ಓಣಿ, ಬಂದೂಕು ಹಿಡಿದ ಎರಡು ಕೈ.

“ಹೀರೋ ಎಲ್ರೀ?” ಎಂದರು ನಿಷ್ಕಳಂಕರು.

“ನೀವೇ ಸರ್ ಹೀರೋ.”

“ನಾನಲ್ಲಪ್ಪ. ಸಿನಿಮಾದಲ್ಲಿದ್ದನಲ್ಲ, ಮೀಸೆಯವನು.”

“ಅವನ ಕಣ್ಣಿಂದ ನೀವು ನೋಡ್ತಿದ್ದೀರಿ ಸರ್. ಅಲ್ಲಿ ಕಾಣ್ತಿರೋದು ನಿಮ್ಮದೇ ಕೈ.”

ನಿಷ್ಕಳಂಕರು ಪರದೆಯ ಕೈ ನೋಡಿದರು, ತಮ್ಮ ಕೈ ನೋಡಿದರು. ಪರದೆಯ ಕೈಯಲ್ಲಿ ನರಗಳು ಹಗ್ಗದಂತೆ ಉಬ್ಬಿದ್ದವು. ತಮ್ಮ ಕೈಯಲ್ಲಿ ಮೊಹರಿನ ಶಾಯಿ ಅಂಟಿತ್ತು. ಸರ್ಕಾರಿ ಕೆಲಸ, ಒಪ್ಪಿಕೊಂಡರು.

ಓಣಿ ದಾಟಿ ಗೋದಾಮಿನ ಬಾಗಿಲ ಮುಂದೆ ನಿಂತರು. ನಿಂತೇ ಇದ್ದರು.

“ಯಾಕೆ ಸರ್?”

“ಬಾಗಿಲು ಮುಚ್ಚಿದೆ.”

“ಒದೀರಿ ಸರ್.”

“ಒಳಗೆ ಮೀಟಿಂಗ್ ನಡೀತಿದ್ದರೆ? ತಟ್ಟೋ ಗುಂಡಿ ಯಾವುದು ಇದರಲ್ಲಿ?”

ತಟ್ಟುವ ಗುಂಡಿ ಇರಲಿಲ್ಲ. ಅದನ್ನು ಹುಡುಕುತ್ತಿರುವಾಗಲೇ ಒಳಗಿನ ಕಾವಲುಗಾರ ಬಾಗಿಲು ತೆರೆದು ಗುಂಡು ಹಾರಿಸಿದ. ಪರದೆ ಕೆಂಪಾಯಿತು. ‘ನೀವು ಸತ್ತಿದ್ದೀರಿ’ ಎಂಬ ಅಕ್ಷರ ಮೂಡಿತು.

ಆಡುವವನಿಗೆ ಮೂರು ಜೀವ. ಎರಡನೆಯ ಸಲ ಬಾಗಿಲು ತೆರೆದಾಗ ನಿಷ್ಕಳಂಕರು, ಹೊರಗೆ ಬರುವವರು ಮೊದಲು ಬರಲಿ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೊರಗೆ ಬಂದವನು ಕೊಂದ. ಮೂರನೆಯ ಸಲ ಗೋಡೆಯ ಮೇಲೆ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಫಲಕ ಕಾಣಿಸಿತು. ಪೂರ್ತಿ ಓದಿ, ಅನುಮತಿ ತರಲು ಹಿಂದಿರುಗಿದರು. ಬೆನ್ನಿಗೆ ಬಿತ್ತು.

ಉತ್ತಮ ಪುರುಷ ಗುಂಡಿನಾಟದ ವರದಿಯೂ ಉತ್ತಮ ಪುರುಷದಲ್ಲೇ ಇರತಕ್ಕದ್ದು ಎಂದು ಪಂಡಿತರು ಟಿಪ್ಪಣಿ ಹಾಕಿದ್ದರು. ನಿಷ್ಕಳಂಕರು ತಮ್ಮ ಜೀವಮಾನದ ಮೊದಲ ವರದಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದರು: ‘ಈ ದಿನ ಮಂಡಳಿಯ ವೀಕ್ಷಣಾ ಕೊಠಡಿಯಲ್ಲಿ, ಕರ್ತವ್ಯದ ಮೇಲಿರುವಾಗ, ನಾನು ಗುಂಡೇಟಿನಿಂದ ಸತ್ತೆನು. ತರುವಾಯ ಇನ್ನೂ ಎರಡು ಬಾರಿ ಸತ್ತೆನು. ತಮ್ಮ ಅವಗಾಹನೆಗೆ ಮಂಡಿಸಿದೆ.’ ಕೆಳಗೆ ಸಹಿ, ಸಹಿಯ ಮೇಲೆ ಮೊಹರು.

ತಿಂಗಳ ಕೊನೆಗೆ ಸಂಬಳ ಬರಲಿಲ್ಲ; ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಮೃತ’ ಎಂದಿತ್ತು. ಸಿಬ್ಬಂದಿ ಶಾಖೆಗೆ ಹೋದರು.

“ಮೇಡಂ, ನಾನು ಬದುಕಿದ್ದೀನಲ್ಲ.”

“ಅದು ನನಗೂ ಕಾಣ್ತಿದೆ ಸರ್. ಕಂಡದ್ದನ್ನೆಲ್ಲ ದಾಖಲೆಗೆ ತಗೊಳ್ಳೋ ಅಧಿಕಾರ ನನಗಿಲ್ಲ. ಈ ಸಹಿ ನಿಮ್ಮದೇ ತಾನೇ?”

“ನನ್ನದೇ.”

“ಯಾರಾದರೂ ಬಲವಂತ ಮಾಡಿ ಬರೆಸಿದರಾ?”

“ಛೆ, ಇಲ್ಲ.”

“ಮತ್ತೆ? ಇದು ಸುಳ್ಳು ಅಂದರೆ ಸುಳ್ಳು ವರದಿ ಕೊಟ್ಟ ಹಾಗಾಯ್ತು, ಶಿಸ್ತು ಕ್ರಮ ಆಗುತ್ತೆ. ನಿಜ ಅಂದರೆ ಸತ್ತ ಹಾಗಾಯ್ತು. ಸತ್ತವರ ಮೇಲೆ ಶಿಸ್ತು ಕ್ರಮ ಇಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.” ಮೇಡಂ ದನಿ ತಗ್ಗಿಸಿದರು. “ಒಂದು ಸಾವು ಸಾಕಿತ್ತು ಸರ್. ಇನ್ನೆರಡು ಯಾಕೆ ಅಂತ ತಪಾಸಣೆಯವರು ಕೇಳಿದರೆ ನಾನೇನು ಹೇಳಲಿ?”

ಮರುದಿನ ಸಭಾಂಗಣದಲ್ಲಿ ಸಂತಾಪ ಸಭೆ. ಸಿಬ್ಬಂದಿಯೆಲ್ಲ ಕಡ್ಡಾಯವಾಗಿ ಬರತಕ್ಕದ್ದು ಎಂದಿದ್ದರಿಂದ ನಿಷ್ಕಳಂಕರೂ ಬಂದರು. ಮೌನಾಚರಣೆಗೆ ಎಲ್ಲರೂ ಎದ್ದಾಗ ಅವರೂ ಎದ್ದರು. ಕೂತಿದ್ದರೆ ಅಗಲಿದವರಿಗೆ ಅಗೌರವ. ನಿರ್ದೇಶಕರು, ‘ಇಂಥವರು ಕೋಟಿಗೊಬ್ಬರು, ತುಂಬಲಾರದ ನಷ್ಟ’ ಎಂದಾಗ ಅವರ ಕಣ್ಣಂಚು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಸಾಹೇಬರು ತಮ್ಮ ಬಗ್ಗೆ ಇಷ್ಟು ಮಾತಾಡಿದ್ದೇ ಇಲ್ಲ. ಚಹಾ ಮಾತ್ರ ಒಂದು ಲೋಟ ಕಡಿಮೆ ಬಿತ್ತು.

ಸಭೆ ಮುಗಿದ ಮೇಲೆ ನಿರ್ದೇಶಕರ ಕೊಠಡಿಯ ಬಾಗಿಲು ತಟ್ಟಿ, ಅನುಮತಿ ಪಡೆದು ಒಳಗೆ ಹೋದರು.

“ಸರ್, ಸಂಬಳ, ಕುರ್ಚಿ, ಎಲ್ಲ ನಿಂತುಹೋಗಿದೆ. ಹೇಗಾದರೂ ಬದುಕಿಸಿ.”

“ನನ್ನ ಕೈಯಲ್ಲಿಲ್ಲ. ಆಟದಲ್ಲಿ ಸತ್ತವರು ಆಟದಲ್ಲೇ ಬದುಕಬೇಕು. ಕೊನೇತನಕ ಆಡಿ, ಮಾವನನ್ನು ಬಿಡಿಸಿ, ‘ನಾನು ಜೀವಸಹಿತ ಹೊರಬಂದೆನು’ ಅಂತ ಬರೆದುಕೊಡಿ. ಅಂಗೀಕರಿಸ್ತೀನಿ.”

ವಿತರಕ ಇನ್ನೊಂದು ಯಂತ್ರವನ್ನು ಮನೆಗೇ ತಂದು ಜೋಡಿಸಿಕೊಟ್ಟ. ನಿಷ್ಕಳಂಕರ ಮನೆ ಎಂದರೆ ಮುಂದೆ ಹೆಂಡತಿಯ ಅಂಗಡಿ, ಹಿಂದೆ ಎರಡು ಕೋಣೆ. ಅಂಗಡಿಯಲ್ಲಿ ದಾರ, ಲೇಸು, ಮತ್ತು ಗೋಡೆ ತುಂಬ ಸಣ್ಣ ಡಬ್ಬಿಗಳಲ್ಲಿ ಬಟ್ಟೆಗೆ ಹೊಲಿಯುವ ಗುಂಡಿಗಳು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಯಾವ ಗುಂಡಿ ಕೋಟಿನದು, ಯಾವುದು ಅಂಗಿಯದು ಎಂದು ಹೇಳುವ ಹೆಂಗಸು ಆಕೆ. ಗಂಡ ಬಾಗಿಲ ಮುಂದೆ ಮತ್ತೆ ಮತ್ತೆ ಸಾಯುವುದನ್ನು ಗಿರಾಕಿಗಳ ನಡುವೆ ಇಣುಕಿ ನೋಡಿದಳು.

“ರೀ, ಅಲ್ಲೇನು ನಿಂತ್ಕೊಂಡು ಕಾಯ್ತೀರಿ? ಒಳಗೆ ಬನ್ನಿ ಅಂತ ಕರೀತಾರಾ?”

“ಗೊತ್ತಿಲ್ಲದ ಜಾಗ ಕಣೇ. ಹೇಗೆ ನುಗ್ಗೋದು?”

“ನಿಮ್ಮ ಮಾವನ ಮನೆಗೆ ಹೇಗೆ ನುಗ್ತಿದ್ರಿ? ಹಾಗೇ ನುಗ್ಗಿ. ಒಳಗಿರೋದೂ ಮಾವನೇ ತಾನೇ?”

ಆಮೇಲೆ ಪಕ್ಕದಲ್ಲಿ ಕೂತು ಬೆರಳಿಗೆ ಗುಂಡಿ ಕಲಿಸಿದಳು. ಮೇಲಿನದು ಕೋಟಿನ ಗುಂಡಿ, ಅದು ಗುಂಡು. ಕೆಳಗಿನದು ತೋಳಿನ ಗುಂಡಿ, ಅದು ಒದೆತ. ಕಚೇರಿ ಭಾಷೆಯಲ್ಲಿ ಅರ್ಥವಾಗದ್ದು ಅಂಗಡಿ ಭಾಷೆಯಲ್ಲಿ ಅರ್ಥವಾಯಿತು. ಬಾಗಿಲು ತಟ್ಟುವ ಚಟ ಬಿಡಿಸಲು ಮಾತ್ರ ಒಂದು ವಾರ ಹಿಡಿಯಿತು.

ಕೊನೆಗೊಂದು ಬೆಳಗ್ಗೆ ವೀಕ್ಷಣಾ ಕೊಠಡಿಯಲ್ಲಿ, ನಿರ್ದೇಶಕರ ಸಮಕ್ಷಮದಲ್ಲಿ, ನಿಷ್ಕಳಂಕರು ಬಾಗಿಲು ಒದ್ದು ಒಳಗೆ ನುಗ್ಗಿದರು. ಎದುರಿಗೆ ಬಂದವರನ್ನೆಲ್ಲ ಉರುಳಿಸಿ, ಗೋದಾಮಿಗೆ ಬೆಂಕಿಯಿಟ್ಟು ಮಾವನನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದರು. ಆ ಮಾವ ಇಳಿಯುತ್ತ, ‘ಯಾಕಿಷ್ಟು ತಡ?’ ಎಂದ. ಸಿನಿಮಾದಲ್ಲೂ ಹಾಗೇ ಅಂದಿದ್ದ. ವಿತರಕ ಕೈಮುಗಿದ. ನಿಷ್ಕಳಂಕರು ಬೆವರು ಒರೆಸಿಕೊಂಡು ಉತ್ತಮ ಪುರುಷದಲ್ಲಿ ವರದಿ ಬರೆದು ಸಿಬ್ಬಂದಿ ಶಾಖೆಗೆ ಒಯ್ದರು.

ಮೇಡಂ ನಿಧಾನವಾಗಿ ಓದಿದರು. “‘ನಾನು ಸುಮಾರು ಎಂಬತ್ತು ಮಂದಿಯನ್ನು ಗುಂಡಿಕ್ಕಿ ಕೊಂದೆನು. ಅನ್ಯರ ಗೋದಾಮೊಂದನ್ನು ಸುಟ್ಟೆನು. ಜೀವಸಹಿತ ಹೊರಬಂದೆನು.’ ಸಹಿಯೂ ಇದೆ, ಮೊಹರೂ ಇದೆ. ಅಚ್ಚುಕಟ್ಟಾಗಿದೆ ಸರ್. ಇದನ್ನ ತಗೊಂಡ ಕೂಡಲೇ ನೀವು ಬದುಕ್ತೀರಿ.”

“ಸದ್ಯ.”

“ಬದುಕಿದ ಕೂಡಲೇ ಪೊಲೀಸರಿಗೆ ತಿಳಿಸಬೇಕಾಗುತ್ತೆ. ಕೊಲೆ ಒಪ್ಪಿಕೊಂಡ ನೌಕರನನ್ನ ಮುಚ್ಚಿಟ್ಟರೆ ನನ್ನ ಕೆಲಸ ಹೋಗುತ್ತೆ. ಯೋಚನೆ ಮಾಡಿ. ಇವತ್ತೇ ಕೊಡಬೇಕು ಅಂತೇನಿಲ್ಲ.”

ನಿಷ್ಕಳಂಕರು ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದು, ಅಂಗಡಿಯ ಸ್ಟೂಲಿನ ಮೇಲೆ ಕೂತರು. ಹೆಂಡತಿ ಎಲ್ಲವನ್ನೂ ಕೇಳಿದಳು. ವ್ಯಾಪಾರದವಳು, ಅಳಲಿಲ್ಲ.

“ಬದುಕಿದರೆ ಜೈಲು. ಸತ್ತರೆ ನನಗೆ ಪಿಂಚಣಿ, ಮೇಲೆ ಅನುಕಂಪದ ನೌಕರಿ. ಇದರಲ್ಲಿ ಯೋಚಿಸೋದೇನಿದೆ?”

“ಅಂದರೆ ನಾನು ಹೀಗೇ ಇರಲಾ?”

“ಇಷ್ಟು ದಿನ ಇದ್ದ ಹಾಗೇ ಇರಿ. ಏನು ದೊಡ್ಡ ವ್ಯತ್ಯಾಸ?”

ನಿಷ್ಕಳಂಕರು ಮನಸ್ಸಿನಲ್ಲೇ ತೂಗಿ ನೋಡಿದರು. ವ್ಯತ್ಯಾಸ ಸಿಗಲಿಲ್ಲ. ಆ ತಿರುಗುವ ಕುರ್ಚಿಯೊಂದು ಸಿಗದೆ ಹೋಯಿತಲ್ಲ ಎಂದು ಮಾತ್ರ ಕೊರಗಿದರು. ವರದಿ ಹರಿದರು.

ಹೀಗೆ ಆಕೆ ಮಂಡಳಿಗೆ ಪರಿಶೀಲಕಿಯಾಗಿ ಸೇರಿದಳು. ಮೊದಲ ದಿನವೇ ಮೇಜಿಗೆ ಬಂದದ್ದು ಅದೇ ಕಡತ. ವಿತರಕ ಬಾಗಿಲಲ್ಲೇ ನಿಂತಿದ್ದ. ಸಿನಿಮಾ ಆಗಲೇ ದೊಡ್ಡ ಚಿತ್ರಮಂದಿರದಿಂದ ಸಣ್ಣದಕ್ಕೆ ಬಂದಿತ್ತು. ಉತ್ತಮ ಪುರುಷ ಗುಂಡಿನಾಟವನ್ನು ಹೆಂಗಸು ಪರಿಶೀಲಿಸಬಹುದೇ ಎಂದು ನಿರ್ದೇಶಕರಿಗೆ ಸಂಶಯ ಬಂತು. ಪಂಡಿತರನ್ನು ಕರೆಸಿದರು.

“ಹೆಂಗಸು ‘ನಾನು’ ಅಂದರೂ ವ್ಯಾಕರಣದಲ್ಲಿ ಉತ್ತಮ ಪುರುಷವೇ ಸ್ವಾಮಿ,” ಎಂದರು ಪಂಡಿತರು.

“ನಾನು ‘ನಾನು’ ಅಂತ ಬರೆಯೋಲ್ಲ,” ಎಂದಳು ಆಕೆ. “ಸಾಯೋಕೆ ಬಂದಿಲ್ಲ ಸರ್, ಸಂಬಳಕ್ಕೆ ಬಂದಿದ್ದೀನಿ. ನಮ್ಮ ಮನೆಯವರು ಆಡಲಿ, ನಾನು ನೋಡಿ ‘ಅವರು’ ಅಂತ ಬರೀತೀನಿ. ಅವರಿಗೆ ಹೇಗೂ ಆಗೋದೆಲ್ಲ ಆಗಿದೆ.”

‘ಅವರು’ ಎಂದರೆ ಪ್ರಥಮ ಪುರುಷ, ಅಡ್ಡಿಯಿಲ್ಲ ಎಂದರು ಪಂಡಿತರು. ಸತ್ತವರು ಮತ್ತೆ ಸತ್ತರೆ ದಾಖಲೆಯಲ್ಲಿ ಬದಲಾವಣೆಯಿಲ್ಲ, ಕೊಂದರೆ ಮೊಕದ್ದಮೆಯಿಲ್ಲ ಎಂದರು ಮೇಡಂ. ಇಂಥ ಆಟಗಳಿಗೆ ಇಂಥವರೇ ಬೇಕಾಗಿತ್ತು ಎಂದು ನಿರ್ದೇಶಕರು ಮೆಚ್ಚಿ, ಅಲ್ಲೇ ಸುತ್ತೋಲೆ ಬರೆಸಿದರು. ಮೃತ ನೌಕರರ ಹಾಜರಿಯ ನಿಯಮ ಬಂದದ್ದು ಆಗ.

‘ಕಬ್ಬಿಣದ ಅಳಿಯ’ನ ಗೇಮಿಗೆ ಆ ದಿನವೇ ಪ್ರಮಾಣಪತ್ರ ಸಿಕ್ಕಿತು: ‘ಆಡುವವರಿಗೆ ಅಪಾಯವಿಲ್ಲ. ವರದಿ ಬರೆಯುವವರು ಎಚ್ಚರಿಕೆ ವಹಿಸತಕ್ಕದ್ದು.’ ಅದಾದ ಮೇಲೆ ಹೊಡೆದಾಟದ ಸಿನಿಮಾಗಳ ಗೇಮುಗಳು ಒಂದರ ಹಿಂದೆ ಒಂದು ಬರುತ್ತಿವೆ. ಮೃತರಿಗೆ ಪೀಠೋಪಕರಣ ಕೊಡಲು ನಿಯಮವಿಲ್ಲ. ಆಟದ ಉಪಕರಣ ಎಂದಾದರೆ ಕೊಡಬಹುದು ಎಂದು ಮೇಡಂ ದಾರಿ ತೋರಿಸಿದ್ದರಿಂದ ತಿರುಗುವ ಕುರ್ಚಿ ವೀಕ್ಷಣಾ ಕೊಠಡಿಗೆ ಬಂತು. ಕಚೇರಿಯ ಇನ್ನಿಬ್ಬರು ಸಾಯಲು ಅರ್ಜಿ ಹಾಕಿದ್ದಾರೆ. ಜ್ಯೇಷ್ಠತೆಯ ಮೇರೆಗೆ ಪರಿಗಣಿಸಲಾಗುವುದು ಎಂದು ಉತ್ತರ ಹೋಗಿದೆ.

ಒಂದು ದಿನ ಮಧ್ಯಾಹ್ನವಾಗಿತ್ತು. ನಿಷ್ಕಳಂಕರು ಮೆತ್ತೆಯ ಕುರ್ಚಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಯಾವುದೋ ಸೇತುವೆಯ ಮೇಲೆ ಗುಂಡು ಹಾರಿಸುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಪೆನ್ನು ಹಿಡಿದು ಕೂತಿದ್ದಳು.

“ಇನ್ನೂ ಎಷ್ಟು ಹೊತ್ತು ರೀ? ಹಸಿವಾಗ್ತಿದೆ.”

“ಸೇತುವೆ ದಾಟಿದರೆ ಮುಗೀತು ಕಣೇ. ಇನ್ನೊಂದು ಅರ್ಧ ಗಂಟೆ.”

ಆಕೆ ‘ಅವರು ಸತ್ತರು’ ಎಂದು ಬರೆದು, ಸಹಿ ಹಾಕಿ, ಬುತ್ತಿ ಬಿಚ್ಚಿದಳು.