ಲಾವಂಚದ ತಟ್ಟಿಯಾಚೆಯ ವಿದ್ಯಾರ್ಥಿನಿ

ನಮ್ಮ ಸೋದರತ್ತೆ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿತವಳು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ! ಆಕೆಯ ಹೆಸರು ದಾಖಲಾಗಿರಲಿಲ್ಲ, ಕೂರಲು ಬೆಂಚಿರಲಿಲ್ಲ, ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಇದ್ದದ್ದು ಒಂದು ಬಕೆಟು, ಒಂದು ತಂಬಿಗೆ ಮತ್ತು ಎಂಥ ಪಂಡಿತರನ್ನೂ ಸುಮ್ಮನಾಗಿಸುವ ಬಾಯಿ. ಇಷ್ಟೇ ಸಾಮಗ್ರಿಯಿಂದ ಆಕೆ ನಾಗಪುರದ ಒಂದಿಡೀ ಬೇಸಿಗೆಯ ತರಗತಿಯನ್ನು ಮುಗಿಸಿದಳು. ಅದೂ ಬಾಗಿಲ ಹೊರಗೆ ಕೂತು!

ಇದಕ್ಕೆಲ್ಲ ಕಾರಣ ನಾನೇ. ಬಿ.ಎ. ಓದುವಾಗ ವಿಷಮಜ್ವರ ಬಂದು ಎರಡು ತಿಂಗಳು ಮಲಗಿದೆ. ಹಾಜರಿ ಸಾಲದೆಂದು ಪರೀಕ್ಷೆಗೆ ಕೂಡಿಸಲಿಲ್ಲ. ನನ್ನಂಥವರಿಗಾಗಿಯೇ ಮೇ ತಿಂಗಳಲ್ಲಿ ತತ್ತ್ವಶಾಸ್ತ್ರದ ಬೇಸಿಗೆ ತರಗತಿ ಇಟ್ಟಿದ್ದರು. ನಾಗಪುರದ ಮೇ ತಿಂಗಳು! ರಸ್ತೆಯ ನಾಯಿ ಕೂಡ ನೆರಳು ಬಿಟ್ಟು ಕದಲದ ಕಾಲದಲ್ಲಿ ಮನುಷ್ಯರು ಕೂತು ಜಗತ್ತು ನಿಜವೋ ಸುಳ್ಳೋ ಎಂದು ವಿಚಾರಿಸಬೇಕಿತ್ತು. ಈ ವಿಷಯ ಯಾಕೆ ತೆಗೆದುಕೊಂಡೆ ಎಂದು ಮಾತ್ರ ಕೇಳಬೇಡಿ. ಇದರಲ್ಲಿ ಗಣಿತ ಇರಲಿಲ್ಲ, ಅಷ್ಟೇ.

ಗದಗಿನ ಕಡೆಯಿಂದ ವರ್ಗವಾಗಿ ಬಂದು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿದ್ದ ನಮ್ಮಪ್ಪ ತರಗತಿಯ ಪಟ್ಟಿ ನೋಡಿ ಹೌಹಾರಿದರು. ಹತ್ತು ಹುಡುಗರು, ಹನ್ನೊಂದನೆಯವಳು ನಾನು.

"ಹತ್ತು ಗಂಡು ಹುಡುಗರ ನಡುವ ಒಬ್ಬಾಕಿ ಹುಡುಗಿ! ಅಕ್ಕಾ, ನೀ ಇಕಿ ಜೋಡಿ ಹೋಗಿ ಕೂಡು. ಮತ್ತ ಒಂದ ದಿನಾ ತಪ್ಪಿದ್ರೂ ವರ್ಷ ಹೋತಂತ ತಿಳಿ!" ಎಂದು ಅತ್ತೆಗೆ ಅಪ್ಪಣೆಯಾಯಿತು.

ಅತ್ತೆಗೆ ಆಗ ನಲವತ್ತೈದರ ಹತ್ತಿರ. ಆಕೆಯ ಹಿಂದಿನ ಕಥೆಯನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ನಿಧಾನವಾಗಿ ಹೇಳಲು ನನ್ನಿಂದ ಆಗುವುದಿಲ್ಲ. ಮೂರನೇ ಇಯತ್ತೆಯಲ್ಲಿದ್ದಾಗ ಒಂದು ಶುಕ್ರವಾರ ಮಧ್ಯಾಹ್ನ ಮನೆಯವರು ಬಂದು ಸಾಲೆಯಿಂದ ಕರೆದುಕೊಂಡು ಹೋದರಂತೆ, ಮದುವೆ ಎಂದು. "ಸೋಮವಾರ ಬರ್ತೀನ್ರಿ ಮಾಸ್ತರ್" ಎಂದು ಹೇಳಿ, ಬರೆಯುವ ಪಾಟಿಯನ್ನು ಕೂರುವ ಜಾಗದಲ್ಲೇ ಇಟ್ಟು ಎದ್ದಳಂತೆ. ಆ ಸೋಮವಾರ ಬರಲಿಲ್ಲ. ಆಕೆಗೆ ಹದಿಮೂರಾದಾಗ ಗಂಡ ಸತ್ತ. ಆಮೇಲೆ ತಮ್ಮನ ಮನೆಯ ಅಡುಗೆ, ಹಪ್ಪಳ, ಅಮ್ಮನ ಬಾಣಂತನ, ನಮ್ಮ ಜ್ವರ. ಈ ಕಥೆಯನ್ನು ಆಕೆ ಹೇಳುವಾಗ ಗಂಡನ ಮಾತು ಎರಡು ವಾಕ್ಯದಲ್ಲಿ ಮುಗಿಯುತ್ತಿತ್ತು. ಪಾಟಿಯ ಮಾತು ಮುಗಿಯುತ್ತಲೇ ಇರಲಿಲ್ಲ.

ಮೊದಲ ದಿನ ಅತ್ತೆ ಒಂದು ಬುಟ್ಟಿ ಉಳ್ಳಾಗಡ್ಡಿಯೊಂದಿಗೆ ಹೊರಟಳು. ಬಿಸಿಗಾಳಿ ಬಡಿಯದಿರಲಿ ಎಂದು ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವುದು ನಾಗಪುರದ ರೂಢಿ. ಒಬ್ಬರು ಒಂದು ಇಟ್ಟುಕೊಳ್ಳುತ್ತಾರೆ. ನಮ್ಮತ್ತೆ ನನ್ನ ಸೆರಗಿಗೆ ಎರಡು ಕಟ್ಟಿ, ಹತ್ತು ಹುಡುಗರಿಗೂ ಒಂದೊಂದು ಹಂಚಿ, ಕೊನೆಗೆ ಬಿಳಿ ಮೀಸೆಯ ಪ್ರಾಧ್ಯಾಪಕರ ಮೇಜಿನ ಮೇಲೂ ಒಂದನ್ನು ಇಟ್ಟು ಬಂದಳು. ಅವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇದು ಪೂರ್ವಪಕ್ಷವೋ ಸಿದ್ಧಾಂತವೋ?" ಎಂದು ಕೇಳಿದರು. ನಾನು ನಾಚಿಕೆಯಿಂದ ಗೋಡೆಯ ಕಡೆಯ ಕೊನೆಯ ಬೆಂಚಿಗೆ ಹೋಗಿ ಕೂತೆ.

ತರಗತಿಯ ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿದ್ದರು. ಆಗಾಗ ಹೊರಗಿನಿಂದ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ತಂಪು, ಪರಿಮಳ. ಅದಕ್ಕೆಂದು ನೇಮಿಸಿದ್ದ ಚಪರಾಶಿಗೆ ಒಂಬತ್ತು ಗಂಟೆಗೇ ತೂಕಡಿಕೆ. ವರಾಂಡದಲ್ಲಿ ಕೂತ ಅತ್ತೆಗೋ ಕೈ ಖಾಲಿ ಇದ್ದರೆ ಮೈಗೆ ಹುಷಾರಿಲ್ಲದ ಹಾಗೆ! ಎರಡನೆಯ ದಿನ ತಂಬಿಗೆ ಕಿತ್ತುಕೊಂಡಳು, ಮೂರನೆಯ ದಿನ ಚಪರಾಶಿ ತಾನಾಗಿಯೇ ಬಕೆಟು ತಂದಿಟ್ಟು ಬೇವಿನ ಮರದ ಕೆಳಗೆ ಹೋಗಿ ಮಲಗಿದ. ಅಂದಿನಿಂದ ತಟ್ಟಿಯ ಒಳಗೆ ಪ್ರಾಧ್ಯಾಪಕರು, ಹೊರಗೆ ನಮ್ಮತ್ತೆ.

ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಆರಂಭಿಸಿ, ಸೆಖೆ ಏರಿದಂತೆ ಮರಾಠಿಗೆ ಇಳಿಯುತ್ತಿದ್ದರು. ಅತ್ತೆಯ ಮರಾಠಿ ತರಕಾರಿ ಬಜಾರಿನಲ್ಲಿ ಕಲಿತದ್ದು. ಅದರಲ್ಲಿ ಆಕೆಗೆ ಚೌಕಾಸಿಯೊಂದೇ ಬರುತ್ತಿತ್ತು. ತತ್ತ್ವಶಾಸ್ತ್ರಕ್ಕೆ ಅಷ್ಟು ಸಾಕು ಎಂದು ನಮಗೆಲ್ಲ ಗೊತ್ತಾದದ್ದು ಎರಡನೆಯ ವಾರದಲ್ಲಿ. ಅಂದು ಅವರು ತಟ್ಟಿಯನ್ನೇ ತೋರಿಸಿ ಕೇಳಿದರು: "ಈ ತಂಪು ಇದೆಯಲ್ಲ, ಇದು ಎಲ್ಲಿದೆ? ನೀರಿನಲ್ಲಿಯೋ, ಬೇರಿನಲ್ಲಿಯೋ, ಗಾಳಿಯಲ್ಲಿಯೋ, ನಮ್ಮ ಚರ್ಮದಲ್ಲಿಯೋ?"

ಹನ್ನೊಂದು ತಲೆಗಳು ಪುಸ್ತಕದೊಳಗೆ ಬಗ್ಗಿದವು. ಹೊರಗಿನಿಂದ ಉತ್ತರ ಬಂತು. ಆಕೆಯ ಮರಾಠಿಯನ್ನು ಆಕೆಯದೇ ಕನ್ನಡದಲ್ಲಿ ಹೇಳುವುದಾದರೆ:

"ನೀರು ಹೊತ್ತವರ ರಟ್ಟಿಯೊಳಗಂತೂ ಇಲ್ರೀ ಮಾಸ್ತರ್, ಅಷ್ಟು ಬರೋಬರ್!"

ಹುಡುಗರು ಬೆಂಚು ಬಡಿದು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, "ಇದನ್ನು ಬರೆದುಕೊಳ್ಳಿ" ಎಂದರು. ನಾವು ಬರೆದುಕೊಂಡೆವು! ಅಂದಿನಿಂದ ಹುಡುಗರಿಗೆ ಆಕೆ 'ಆತ್ಯಾಬಾಯಿ' ಆದಳು. ಮರಾಠಿಯಲ್ಲಿ ಸೋದರತ್ತೆಗೆ ಆತ್ಯಾ ಎನ್ನುತ್ತಾರೆ.

ಆ ವರ್ಷ ಪ್ರಾಂತಗಳನ್ನು ಭಾಷೆಯ ಮೇಲೆ ಒಡೆಯುವ ಗದ್ದಲ. ನಮ್ಮ ಪ್ರಾಂತದ ರಾಜಧಾನಿ ನಾಗಪುರದಿಂದ ಭೋಪಾಲಕ್ಕೆ ಹೋಗುತ್ತದೆಂದು ಊರಿಗೆ ಊರೇ ಸೂತಕದ ಮುಖ ಹೊತ್ತಿತ್ತು. "ರಾಜಧಾನಿ ಹೋದ ಮೇಲೂ ಇದು ಅದೇ ನಾಗಪುರವೋ, ಬೇರೆಯೋ?" ಎಂದು ಪ್ರಾಧ್ಯಾಪಕರು ಕೇಳಿದರು. ಈ ಸಲ ಅವರು ನಮ್ಮ ಕಡೆ ನೋಡಲೂ ಇಲ್ಲ, ನೇರವಾಗಿ ಬಾಗಿಲ ಕಡೆ ತಿರುಗಿದ್ದರು.

"ಬಿಸಿಲು ಭೋಪಾಲಕ್ಕ ಹೋದ್ರ ಹೇಳ್ರಿ. ಆಗ ಬ್ಯಾರೆ ಊರು ಅಂತ ಒಪ್ಪತೀನಿ."

ಮನೆಯಲ್ಲಿ ನಮ್ಮ ಗತಿ ಕೇಳಬೇಡಿ. ಒಂದು ದಿನ ಅಪ್ಪ ತಟ್ಟೆಯ ಮುಂದೆ ಕೂತು, "ಅಕ್ಕಾ, ಸಾರಿಗೆ ಉಪ್ಪಿಲ್ಲ" ಎಂದರು.

"ಉಪ್ಪು ಸಾರಿನ್ಯಾಗ ಇಲ್ಲೋ, ನಿನ್ನ ನಾಲಿಗ್ಯಾಗ ಇಲ್ಲೋ? ಮೊದಲ ಅದನ್ನ ನಿಕ್ಕಿ ಮಾಡು."

"ಅಕ್ಕಾ, ಡ್ಯೂಟಿಗೆ ಹೊತ್ತಾತು!"

"ಜಲ್ದಿ ಇದ್ದವರಿಗೆ ಸತ್ಯ ಸಿಗೂದಿಲ್ಲಪಾ."

ಅಪ್ಪ ಎದ್ದು ಹೋಗಿ ತಾವೇ ಉಪ್ಪು ಹಾಕಿಕೊಂಡರು. ಆಮೇಲೆ ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರೂ ಯಾವ ಪದಾರ್ಥದ ರುಚಿಯ ಬಗ್ಗೆಯೂ ಮಾತಾಡಲಿಲ್ಲ.

ಆದರೆ ಇಷ್ಟೆಲ್ಲ ಮಾತಿನ ಮಲ್ಲಿಯಾದ ಅತ್ತೆ ದಿನಕ್ಕೊಮ್ಮೆ ಮೌನವಾಗುತ್ತಿದ್ದಳು. ಹಾಜರಿ ಕೂಗುವಾಗ. ಅದಕ್ಕೆಂದೇ ನನ್ನನ್ನು ಅರ್ಧ ಗಂಟೆ ಮುಂಚೆ ಎಳೆದುಕೊಂಡು ಹೋಗುತ್ತಿದ್ದಳು. "ಪಾಠ ಸ್ವಲ್ಪ ತಪ್ಪಿದ್ರೂ ನಡೀತೈತಿ. ಹಾಜರಿ ತಪ್ಪಬಾರದು" ಎನ್ನುತ್ತಿದ್ದಳು. ಪ್ರಾಧ್ಯಾಪಕರು ಒಂದು, ಎರಡು ಎಂದು ಕೂಗುತ್ತ ಹೋಗುವಾಗ ತಟ್ಟಿಯ ಸಂದಿನಲ್ಲಿ ಆಕೆಯ ಕಣ್ಣು ಕಾಣುತ್ತಿತ್ತು. ಹನ್ನೊಂದು ಎಂದಾಗ ನಾನು "ಹಾಜರ್" ಎನ್ನುತ್ತಿದ್ದೆ. ರಿಜಿಸ್ಟರು ಮುಚ್ಚುವ ಸದ್ದು ಬರುತ್ತಿತ್ತು. ಅತ್ತೆ ನೀರು ತುಂಬಿದ ತಂಬಿಗೆ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದಳು, ಇನ್ನೊಂದು ನಂಬರು ಕೂಗುವುದು ಉಳಿದಿದೆ ಎಂಬಂತೆ. ಆಮೇಲೆ ತಟ್ಟಿಗೆ ನೀರು ಬೀಳುತ್ತಿತ್ತು. ಒಮ್ಮೆ ರಿಕ್ಷಾದಲ್ಲಿ ಬರುವಾಗ ನನ್ನನ್ನು ಕೇಳಿದಳು, "ತಂಗೀ, ಹಾಜರ್ ಅನ್ನೂವಾಗ ಎದಿಯೊಳಗ ಹ್ಯಾಂಗಾಗತೈತಿ?" ನನಗೆ ಏನೂ ಆಗುತ್ತಿರಲಿಲ್ಲ. ಹಾಗೆಯೇ ಹೇಳಿದೆ. ಆಕೆ ಮುಖ ತಿರುಗಿಸಿ ರಸ್ತೆ ನೋಡುತ್ತ ಕೂತಳು. ಆ ಉತ್ತರವನ್ನು ವಾಪಸು ತೆಗೆದುಕೊಳ್ಳಬೇಕೆಂದು ನನಗೆ ಇವತ್ತಿಗೂ ಅನಿಸುತ್ತದೆ.

ತರಗತಿ ಮುಗಿಯಲು ಒಂದು ವಾರವಿದ್ದಾಗ, ಸೆರಗಿನ ಎರಡು ಉಳ್ಳಾಗಡ್ಡಿಗಳನ್ನೂ ಲೆಕ್ಕಿಸದೆ ನನಗೆ ಬಿಸಿಗಾಳಿ ಬಡಿಯಿತು. ಒಂದು ದಿನವಿಡೀ ಮೈ ಕೆಂಡ. 'ಒಂದ ದಿನಾ ತಪ್ಪಿದ್ರೂ ವರ್ಷ ಹೋತು' ಎಂಬ ಅಪ್ಪನ ಮಾತು ಅತ್ತೆಯ ತಲೆಯಲ್ಲಿ ಕೂತಿತ್ತು. ಯಾರಿಗೂ ಹೇಳದೆ ಒಬ್ಬಳೇ ಹೊರಟುಹೋದಳು. ಮಧ್ಯಾಹ್ನ ಬಂದಾಗ ಮುಖ ಬಿಸಿಲಿಗಿಂತ ಹೆಚ್ಚು ಕೆಂಪಾಗಿತ್ತು.

"ಹನ್ನೊಂದು ಅಂದ್ರು. ಹೊರಗಿಂದನ ನಾ ಹಾಜರ್ ಅಂದೆ!"

ಅಪ್ಪ ದಂಗಾದರು. "ಅಕ್ಕಾ, ಇದು ಸುಳ್ಳಲ್ಲೇನ?"

"ಸುಳ್ಳು ಹ್ಯಾಂಗಾತು? ನಾ ಹಾಜರ ಇದ್ನೆಲ್ಲ!"

ಅಂದು ಸಾಯಂಕಾಲ ರೊಟ್ಟಿ ಬಡಿಯುತ್ತ ಆಕೆ ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಳ್ಳುವುದು ಹಾಸಿಗೆಯಲ್ಲಿದ್ದ ನನಗೆ ಕೇಳಿಸಿತು. ಹಾಜರ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಹಾಜರ್. ಅಂದಿನ ರೊಟ್ಟಿಗಳು ಸೀದಿದ್ದವು. ಯಾರೂ ತಕರಾರು ತೆಗೆಯಲಿಲ್ಲ.

ಕೊನೆಯ ದಿನ ಪ್ರಾಧ್ಯಾಪಕರು ರಿಜಿಸ್ಟರು ತೆರೆದು ಪ್ರತಿಯೊಬ್ಬರ ಒಟ್ಟು ಹಾಜರಿಯನ್ನು ಓದಿದರು. ನನ್ನ ಸರದಿ ಬಂತು. "ಹನ್ನೊಂದು. ಒಂದು ದಿನ ಗೈರುಹಾಜರಿ."

ನಾನು ಬೆಂಚಿನಿಂದ ಎದ್ದು ನಿಂತೆ. ಹೊರಗೆ ತಂಬಿಗೆ ಬಕೆಟಿಗೆ ಬಡಿದ ಸದ್ದಾಯಿತು.

"ಹೆದರಬೇಡ ಹುಡುಗಿ. ಎರಡು ದಿನದವರೆಗೆ ತಪ್ಪಿದರೆ ನಡೆಯುತ್ತದೆ, ನಿಯಮವೇ ಇದೆ" ಎಂದರು. ಅಂದರೆ ಅಷ್ಟು ದೊಡ್ಡ ಸುಳ್ಳು ಸುಮ್ಮನೆ ವ್ಯರ್ಥವಾಗಿತ್ತು! ಅವರು ಮುಂದುವರಿಸಿದರು. "ಅಂದು ಹಾಜರ್ ಎಂದವರು ಬೇರೆ. ಬೇರೆಯವರ ಹಾಜರಿಯನ್ನು ನಿನಗೆ ಹಾಕಲು ಬರುವುದಿಲ್ಲ. ಅವರ ಲೆಕ್ಕ ಇಲ್ಲಿ ಕೆಳಗೆ ಬೇರೆಯೇ ಇದೆ." ಕನ್ನಡಕ ಸರಿಮಾಡಿಕೊಂಡು ಓದಿದರು. "ಹನ್ನೆರಡು. ಹೆಸರು ಗೊತ್ತಿಲ್ಲ. ಒಂದು ದಿನವೂ ತಪ್ಪಿಲ್ಲ."

ಹತ್ತು ಹುಡುಗರೂ ಬಾಗಿಲ ಕಡೆ ತಿರುಗಿದರು.

"ಆತ್ಯಾಬಾಯಿ, ಆಫೀಸಿನವರು ಇದನ್ನು ನೋಡಿದರೆ ಹೊಡೆದುಹಾಕುತ್ತಾರೆ. ಅದು ಅವರ ಕೆಲಸ. ನನ್ನ ಕೆಲಸ ಇದ್ದವರನ್ನು ಇದ್ದಾರೆ ಎಂದು ಬರೆಯುವುದು. ಒಳಗೆ ಬನ್ನಿ. ನಿಮ್ಮ ಹೆಸರೇನು?"

ಅತ್ತೆ ತಟ್ಟಿಯನ್ನು ಸರಿಸಿ ಒಳಗೆ ಬಂದಳು. ಕಾಲು ಒದ್ದೆ, ಸೆರಗು ಒದ್ದೆ. ಒಂದು ತಿಂಗಳಲ್ಲಿ ಮೊದಲ ಸಲ ಆಕೆ ಆ ಕೋಣೆಯೊಳಗೆ ಪಾಠದ ಹೊತ್ತಿನಲ್ಲಿ ಕಾಲಿಟ್ಟಿದ್ದು. ಒದ್ದೆ ಸೆರಗು ಹಿಂಡುತ್ತ ನಿಂತಳು. ಅಪ್ಪನಿಗೆ ಅಮ್ಮನಿಗೆ ಆಕೆ ಅಕ್ಕ, ನಮಗೆ ಅತ್ತೆ, ಓಣಿಗೆಲ್ಲ ಆತ್ಯಾ. ಮೂವತ್ತು ವರ್ಷಗಳಿಂದ ಆಕೆಯನ್ನು ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಕೊನೆಗೆ ನೆಲ ನೋಡುತ್ತ ಮೆಲ್ಲಗೆ ಹೇಳಿದಳು. ಆಕೆ ಎತ್ತಿ ಬೆಳೆಸಿದ ನಾನು ಆ ಹೆಸರನ್ನು ಅಂದೇ ಮೊದಲು ಕೇಳಿದ್ದು.

ಪ್ರಾಧ್ಯಾಪಕರು ಅದನ್ನು ಬರೆದುಕೊಂಡರು. ಆಮೇಲೆ ತಲೆಯೆತ್ತಿ, ಉಳಿದವರ ಹಾಜರಿ ಕೂಗುವ ಅದೇ ಧ್ವನಿಯಲ್ಲಿ ಆಕೆಯ ಹೆಸರು ಕೂಗಿದರು.

"ಹಾಜರ್."

ಪ್ರಪಂಚಕ್ಕೆಲ್ಲ ಉತ್ತರ ಕೊಟ್ಟ ನಮ್ಮತ್ತೆ ಹುಡುಗರ ಜೊತೆ ಬೆಂಚಿನ ತುದಿಯಲ್ಲಿ ಕೂತು ಪಾಠ ಕೇಳಿದಳು. ತಟ್ಟಿ ಒಣಗಿತು, ಕೋಣೆ ಕುದಿಯಿತು, ನೀರು ಹಾಕೆಂದು ಯಾರೂ ಹೇಳಲಿಲ್ಲ.

ಈಗ ಆಕೆ ಇಲ್ಲ. ಎಲ್ಲಿಯಾದರೂ ಲಾವಂಚದ ವಾಸನೆ ಬಂದರೆ ನನಗೆ ಆಕೆ ಬೇಕೆನಿಸುತ್ತದೆ. ಮೊದಲ ದಿನ ನಾನು ಗೋಡೆಯ ಕಡೆಗೆ ಹೋಗಿ ಕೂರದೆ ಬಾಗಿಲ ಪಕ್ಕ ಕೂರಬೇಕಿತ್ತು ಅನಿಸುತ್ತದೆ. ತರಗತಿಯ ಆ ಕೊನೆಯ ಮಧ್ಯಾಹ್ನ ರಿಕ್ಷಾದಲ್ಲಿ ಅಜನಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದೆವು. ಮನೆಯ ಮುಂದೆ ಇಳಿಯುವಾಗ ಅತ್ತೆ ನನ್ನ ಭುಜ ಹಿಡಿದು ನಿಂತಳು.

"ಸೋಮವಾರ ಬರ್ತೀನಿ ಅಂತ ಮಾಸ್ತರಿಗೆ ಹೇಳಿ ಬಂದಿದ್ನೆಲ್ಲ ತಂಗೀ," ಎಂದಳು, "ಸ್ವಲ್ಪ ತಡಾ ಆತು ನೋಡು."