ಹುಣಸೇಹಣ್ಣಿನಲ್ಲಿ ತೊಳೆದ ಮೌತ್ ಆರ್ಗನ್

ಹಾವಿಗೆ ಹೆದರುವವನನ್ನು ನೋಡಿ ಯಾರೂ ನಗುವುದಿಲ್ಲ. ಮೇಲಧಿಕಾರಿಗೆ ಹೆದರಿದರೆ ಪಾಪ, ಸಂಬಳದ ಮನುಷ್ಯ ಎನ್ನುತ್ತಾರೆ. ಹೆಂಡತಿಗೆ ಹೆದರಿದರೆ ಒಳ್ಳೆಯ ಸಂಸಾರಸ್ಥ ಎನ್ನುತ್ತಾರೆ. ನನ್ನ ಭಯಕ್ಕೆ ಮಾತ್ರ ಅಂಥ ಮರ್ಯಾದಸ್ಥ ಹೆಸರಿಲ್ಲ. ಜೀವಮಾನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಒಂದು ಗೇಣೂ ಉದ್ದವಿಲ್ಲದ ಮೌತ್ ಆರ್ಗನ್ನಿಗೆ. ಅದೂ ಬೇರೆಯವರದ್ದಲ್ಲ, ನನ್ನದೇ.

ತಪ್ಪು ನನ್ನ ಬಾಯಿಯದು. ಎಪ್ಪತ್ತರ ದಶಕದ ಮಾತು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾನು ಯಲಹಂಕಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಮನೆತುಂಬ ಸಂಗೀತ. ಹುಡುಗಿಯ ತಂದೆ ನಿವೃತ್ತ ಹೆಡ್‌ಮಾಸ್ತರು, ಪಿಟೀಲು ನುಡಿಸುತ್ತಿದ್ದರು. ಮಗ ರಘು ಖಂಜಿರ ಬಾರಿಸುತ್ತಿದ್ದ. ಮಗಳು ವಿಮಲಾ ಹಾಡಿ, ಉಪ್ಪಿಟ್ಟು ಕೊಟ್ಟು, ಒಳಗೆ ಹೋದಳು. ಹಿಂದಿನ ವಾರ ಬಂದಿದ್ದ ಬ್ಯಾಂಕಿನ ಹುಡುಗ ಸಂಗೀತವೆಂದರೆ ತಲೆನೋವು ಅಂದುಬಿಟ್ಟಿದ್ದನಂತೆ. ಹೆಡ್‌ಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ತಮಗೆ ಸಂಗೀತ?" ಅಂದರು. ಬಾಯಲ್ಲಿ ಉಪ್ಪಿಟ್ಟಿತ್ತು, ಯೋಚಿಸಲು ಪುರುಸೊತ್ತಿರಲಿಲ್ಲ. "ಮೌತ್ ಆರ್ಗನ್ ನುಡಿಸ್ತೀನಿ" ಅಂದೆ. ಬ್ಯಾಂಕಿನವನನ್ನು ಬಿಟ್ಟು ಇವರೇ ಆಗಲಿ ಎಂದು ವಿಮಲಾ ಹಟ ಹಿಡಿದದ್ದು ಆ ಒಂದು ಮಾತಿನ ಮೇಲೆ ಎಂದು ಆಮೇಲೆ ತಿಳಿಯಿತು. ಕಸಿನ್‌ಗಳಿಗೆ, ಅಕ್ಕಪಕ್ಕದವರಿಗೆ, ಹೂವಿನವಳಿಗೆ ಕೂಡ "ನಮ್ಮೆಜಮಾನ್ರಿಗೆ ಸಂಗೀತ ಬರುತ್ತೆ" ಎಂದು ಸಾರಿಬಿಟ್ಟಿದ್ದಳು.

ಬರುತ್ತಿದ್ದದ್ದು ನಿಜ. ಆದರೆ ಎಷ್ಟು? ನಮ್ಮ ಫೋರ್‌ಮನ್ ನೋಯೆಲ್ ಎಂಬ ಆಂಗ್ಲೋ ಇಂಡಿಯನ್ ಊಟದ ಬಿಡುವಿನಲ್ಲಿ ಮೌತ್ ಆರ್ಗನ್ ನುಡಿಸುತ್ತಿದ್ದರು. ತಮ್ಮ ಹಳೆಯದೊಂದನ್ನು ನನಗೆ ಕೊಟ್ಟು ಕಲಿಸಿದರು. ಅವರು ನುಡಿಸುತ್ತಿದ್ದ ಧಾಟಿಗೆ ಬ್ಲೂಸ್ ಅಂತ ಹೆಸರು. ಮೈಮುರಿದು ದುಡಿದ ಜನ ತಮ್ಮ ಕಷ್ಟ ಹೇಳಿಕೊಳ್ಳುವ ಸಂಗೀತವಂತೆ. "ಊದಬೇಡ ಮ್ಯಾನ್, ಒಳಗೆ ಎಳ್ಕೋ! ಹೊಟ್ಟೆಯಿಂದ ಎಳ್ಕೋ!" ಎಂದು ಅವರು ಬೆನ್ನಿಗೆ ಗುದ್ದುತ್ತಿದ್ದರು. ಉಸಿರೆಳೆದು ಸ್ವರವನ್ನು ಬಗ್ಗಿಸಬೇಕು, ಅದು ನರಳಬೇಕು. ಆರು ತಿಂಗಳಿಗೆ ನರಳುವುದೊಂದು ಬಂತು. ಬೇರೆ ಏನೂ ಬರಲಿಲ್ಲ. ಒಂದು ದೇವರನಾಮ, ಒಂದು ಸಿನಿಮಾ ಹಾಡು, ಕಡೆಗೆ ಮೊದಲ ಪಾಠದ ಸರಳೆವರಸೆ ಕೂಡ ಇಲ್ಲ.

ಮದುವೆಯಾದ ಮೇಲೆ ಒಂದು ಭಾನುವಾರ ಹೆಬ್ಬಾಳದ ಕೆರೆ ಏರಿಯ ಮೇಲೆ ವಿಮಲಾಳಿಗೆ ನುಡಿಸಿ ತೋರಿಸಿದೆ. ನೀರಲ್ಲಿದ್ದ ಎಮ್ಮೆಗಳೂ ಅವಳೂ ಒಂದೇ ಮುಖ ಮಾಡಿಕೊಂಡು ಕೇಳಿದವು. "ಅಷ್ಟೇನಾ? ಬೇರೆ ಯಾವ್ದೂ ಬರಲ್ವಾ?" ಅಂದಳು. ನಾನು ಮಾತು ತಿರುಗಿಸಿ ವಾದ್ಯದ ಗುಣಗಾನಕ್ಕಿಳಿದೆ. ಒಳಗಡೆ ಮರ ಇದೆ, ನೀರು ಸೋಕಿದರೆ ಊದಿಕೊಂಡು ಸತ್ತೇಹೋಗುತ್ತೆ, ಹುಷಾರು ಅಂದೆ. ಅವಳು ಸೀರೆಯ ಸೆರಗು ಕೊಡವಿ ಎದ್ದಳು.

ಅಷ್ಟರಲ್ಲಿ ಮೊದಲ ದೀಪಾವಳಿ ಬಂತು, ಅಳಿಯನಿಗೆ ಕರೆ ಬಂತು. ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಆ ಮನೆಯವರೆಲ್ಲ ಜಮಖಾನ ಹಾಸಿ ಕೂತು, ಒಬ್ಬರು ಎತ್ತಿಕೊಟ್ಟದ್ದನ್ನು ಇನ್ನೊಬ್ಬರು ಹಿಡಿದು ನುಡಿಸುತ್ತ ಹೋಗುವುದು ವಾಡಿಕೆ. "ಈ ಸಲ ಅಳಿಯಂದಿರದ್ದೇ ವಿಶೇಷ" ಎಂದು ಮಾವ ಕಾಗದ ಬರೆದಿದ್ದರು. ಯಶವಂತಪುರದಲ್ಲಿ ಯಲಹಂಕದ ಬಸ್ಸು ಹತ್ತಿದೆವು. ನನ್ನ ಮಾನ ಹೋದರೆ ಹೋಗಲಿ, ಅದು ಅಂಥ ದೊಡ್ಡ ಗಂಟೇನಲ್ಲ. ಆದರೆ ನನ್ನನ್ನು ನಂಬಿ ಬ್ಯಾಂಕಿನವನನ್ನು ಬೇಡವೆಂದವಳು ಅಷ್ಟು ಜನರ ಮುಂದೆ ತಲೆ ತಗ್ಗಿಸಬೇಕಲ್ಲ! ಬ್ಯಾಟರಾಯನಪುರ ದಾಟುವಾಗ ಬಸ್ಸು ಕೆಡಲಿ ದೇವರೇ ಎಂದು ಬೇಡಿಕೊಂಡೆ. ಬೇರೆ ದಿನವೆಲ್ಲ ಕೆಡುವ ಬಸ್ಸು ಅವತ್ತು ಕುದುರೆಯಂತೆ ಓಡಿತು.

ನಾವು ತಲುಪಿದ್ದು ನೀರು ತುಂಬುವ ಹಬ್ಬದ ದಿನ. ಬಚ್ಚಲಲ್ಲಿ ಮಾವನ ತಾಯಿ, ಎಂಬತ್ತರ ಅಜ್ಜಿ, ಹುಣಸೇಹಣ್ಣು ಹಾಕಿ ಹಂಡೆ ಉಜ್ಜುತ್ತಿದ್ದರು. ಮಡಿ ಎಂದರೆ ಅಜ್ಜಿ, ಅಜ್ಜಿ ಎಂದರೆ ಮಡಿ. ನಾನು ನಮಸ್ಕಾರ ಮಾಡಿ ಕೋಣೆ ಸೇರಿ ಹೊದ್ದು ಮಲಗಿದೆ.

ಮಾರನೆಯ ಮಧ್ಯಾಹ್ನ ಒಬ್ಬಟ್ಟಿನ ಊಟ ಇಳಿಯುವ ಮೊದಲೇ ಜಮಖಾನ ಹಾಸಿದರು. ಚೀಲ ತೆಗೆದರೆ ಮೌತ್ ಆರ್ಗನ್ ಇಲ್ಲ! ಒಂದು ಕ್ಷಣ ಸ್ವರ್ಗಸುಖ. ಮರುಕ್ಷಣ ಅಜ್ಜಿ ತಟ್ಟೆಯಲ್ಲಿ ಅದನ್ನಿಟ್ಟುಕೊಂಡು ಬಂದರು. ಹಿತ್ತಾಳೆಯೆಲ್ಲ ಥಳಥಳ ಹೊಳೆಯುತ್ತಿತ್ತು.

"ಬಾಯಿಗಿಟ್ಟ ಎಂಜಲು ಕಣಪ್ಪಾ, ಪಿಟೀಲಿನ ಪಕ್ಕ ಹೇಗಿಡೋದು? ಹಂಡೆ ಜೊತೆ ಹುಣಸೇಹಣ್ಣಲ್ಲಿ ಚೆನ್ನಾಗಿ ತಿಕ್ಕಿ, ರಾತ್ರಿಯೆಲ್ಲ ನೆನೆಹಾಕಿದ್ದೆ. ನೋಡು, ಹೊಸದರ ಹಾಗಿದೆ!"

ಮೆಲ್ಲಗೆ ಊದಿ ನೋಡಿದೆ. ಬುಸ್ ಎಂದಿತು. ಒಳಗಿನ ಮರ ಉಬ್ಬಿ ಹಲ್ಲಿನ ಹಾಗೆ ಹೊರಗೆ ಬಂದಿತ್ತು. 'ಕೆಟ್ಟುಹೋಗಿದೆ' ಎಂದು ಒಂದು ಮಾತು ಹೇಳಿದರೆ ಸಾಕು, ನಾನು ಪಾರು. ಅದು ಸುಳ್ಳೂ ಅಲ್ಲ. ಆದರೆ ಆ ಮುದುಕಿ ನನ್ನ ಮುಖವನ್ನೇ ನೋಡುತ್ತ, ಮೆಚ್ಚುಗೆಗೆ ಕಾಯುತ್ತ ನಿಂತಿದ್ದರು. ವಿಮಲಾ ಕೂಡ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಹಬ್ಬದ ದಿನ ಅಜ್ಜಿಯ ಮೇಲೆ ತಪ್ಪು ಹೊರಿಸುವುದು ನನ್ನ ಕೈಯಲ್ಲಾಗಲಿಲ್ಲ. "ತುಂಬಾ ಚೆನ್ನಾಗಾಗಿದೆ ಅಜ್ಜಿ" ಎಂದು ಕೂತೇಬಿಟ್ಟೆ.

ಊದಿದರೆ ಸದ್ದಿಲ್ಲ, ಎಳೆದರೆ ಮೂರು ತೂತು ಮಾತ್ರ ನುಡಿಯುತ್ತಿದ್ದವು. ಪುಣ್ಯಕ್ಕೆ ನನಗೆ ಬರುತ್ತಿದ್ದದ್ದೂ ಎಳೆಯುವುದೇ. ಭಯಕ್ಕೆ ಉಸಿರು ತಾನಾಗಿ ಒಳಗೆ ಹೋಗುತ್ತಿತ್ತು. ವಾದ್ಯ ನರಳಿತು. ಉಬ್ಬಿದ ಮರ ತುಟಿ ಕೊಯ್ದಾಗ ನಾನೂ ನರಳಿದೆ. ಮಾವ ಗಾಬರಿಯಿಂದ, "ಇದೇನು, ಹಬ್ಬದ ದಿನ ಯಾರೋ ಅಳ್ತಿರೋ ಹಾಗಿದೆಯಲ್ಲ!" ಅಂದರು. ನಾನು ಕಣ್ಣು ಮುಚ್ಚಿದೆ. ಆಗ ಖಂಜಿರ ಕೇಳಿಸಿತು. ರಘು ನನ್ನ ಕಾಲಿನ ನಡುಕವನ್ನೇ ತಾಳವೆಂದು ಹಿಡಿದುಬಿಟ್ಟಿದ್ದ! ಆಮೇಲೆ ಪಿಟೀಲು ಹಿಂದಿನಿಂದ ಮೆಲ್ಲಗೆ ಬಂದು, ನಾನು ಬಗ್ಗಿಸಿದ ಸ್ವರವನ್ನು ಬಗ್ಗಿಸಿಯೇ ವಾಪಸು ಕೊಟ್ಟಿತು. ಕಾಲು ಗಂಟೆ ಹೀಗೇ ನಡೆಯಿತು.

"ಆ ಗಮಕ ಯಾರ ಹತ್ರ ಕಲಿತಿರಿ?" ಎಂದು ಮಾವ ಕೇಳಿದರು.

"ನಮ್ಮ ಫೋರ್‌ಮನ್ ಹತ್ರ."

"ಓಹೋ. ಅವರ ಗುರುಗಳು ಯಾರು?"

"ಕೇಳ್ಕೊಂಡು ಬರ್ತೀನಿ" ಅಂದೆ.

ಹತ್ತು ವರ್ಷ ನಾನು ಈ ಕಥೆಯನ್ನು ಎದೆ ಉಬ್ಬಿಸಿಕೊಂಡು ಹೇಳಿದೆ. ಅಜ್ಜಿಯ ಮರ್ಯಾದೆಗಾಗಿ ತುಟಿ ಕೊಯ್ಸಿಕೊಂಡ ಧೀರ ನಾನು. ಒಂದು ದಿನ ಬೀರು ಜೋಡಿಸುವಾಗ ಆ ಮೌತ್ ಆರ್ಗನ್ ಸಿಕ್ಕಿತು. ಮಗಳನ್ನು ಕೂರಿಸಿಕೊಂಡು ಮತ್ತೆ ಅದೇ ಕಥೆ ಶುರುಮಾಡಿದೆ. ಅವರೆಕಾಯಿ ಬಿಡಿಸುತ್ತಿದ್ದ ವಿಮಲಾ ತಲೆ ಎತ್ತದೆ ಹೇಳಿದಳು: "ನಿಮ್ಮ ಚೀಲಕ್ಕೆ ಅಜ್ಜಿ ಯಾಕ್ರೀ ಕೈ ಹಾಕ್ತಾರೆ? ತೊಳೀರಿ ಅಂತ ನಾನೇ ಕೊಟ್ಟಿದ್ದು."

"ನೀನಾ?"

"ನೀರು ಸೋಕಿದ್ರೆ ಸತ್ತೇಹೋಗುತ್ತೆ ಅಂತ ನೀವೇ ತಾನೆ ಹೇಳಿದ್ದು? ಕೆರೆ ಏರಿ ಮೇಲೆ ನೀವು ನುಡಿಸಿದ್ದು ಕೇಳಿದ್ದೆನಲ್ಲ. ಒಂದು ವಾರ ಅನ್ನ ಸೇರಿರ್ಲಿಲ್ಲ ನನಗೆ. ಕೆಟ್ಟುಹೋಗಿದೆ ಅಂತೀರಿ, ಇಬ್ರೂ ಬಚಾವ್ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಚೆನ್ನಾಗಾಗಿದೆ ಅಂತ ಕೂತೇಬಿಟ್ರಿ! ನನ್ನ ಜೀವ ಹೋಗಿ ಬಂತು."

ಅವತ್ತು ಆ ಮನೆಯಲ್ಲಿ ನಡುಗುತ್ತಿದ್ದವನು ನಾನೊಬ್ಬನೇ ಎಂದು ಹತ್ತು ವರ್ಷ ತಿಳಿದಿದ್ದೆ.

"ಅಪ್ಪಾ, ಒಂದ್ಸಲ ನುಡಿಸಿ" ಎಂದಳು ಮಗಳು. ನಾನು ಗಂಟಲು ಸರಿಮಾಡಿಕೊಂಡು ಅದನ್ನು ತುಟಿಯ ಹತ್ತಿರ ತಂದೆ. ವಿಮಲಾ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಎದ್ದು, ಅಡಿಗೆಮನೆಯ ಕಪಾಟಿನಲ್ಲಿ ಹುಣಸೇಹಣ್ಣಿನ ಭರಣಿಗೆ ಕೈ ಹಾಕಿದಳು.